ಅಪ್ಪನ ಕಥಿ ಸ್ಟೇಶನ್ನಿನಿಂದ ಶುರು ಆಗೂದಿಲ್ಲ

ನಿನ್ನೆ ಬೆಟಗೇರಿಯಲ್ಲಿ ತೊಟ್ಟಿಲ ಕಾರ್ಯಕ್ರಮ. ಊಟಕ್ಕೆ ಕೂತಾಗ ದೂರದ ಕಾಕಾ ಒಬ್ಬರು ಮತ್ತೆ ಅದೇ ಕಥೆ ತೆಗೆದರು. ಅಪ್ಪ ಲುಂಗಿಯಲ್ಲೇ ಗದಗ ಸ್ಟೇಶನ್ನಿಗೆ ಹೋಗಿ, ಎಂದೋ ತೀರಿಹೋದ ತಮ್ಮನ ಹಾದಿ ಕಾಯುತ್ತ ಕೂತಿದ್ದ ಕಥೆ. "ಅರವತ್ತಕ್ಕ ಅರಳು ಮರಳು ಅಂತ ಸುಮ್ನ ಅಂತಾರೇನ?" ಅಂದರು. ಪಂಕ್ತಿಯೆಲ್ಲ ನಕ್ಕಿತು. "ಕಾಕಾ, ಅಪ್ಪನ ಬಗ್ಗೆ ನಿಮಗ ಬ್ಯಾರೆ ಏನೂ ಗೊತ್ತಿಲ್ಲೇನ್ರಿ?" ಅಂತ ಕೇಳಿ ಎದ್ದುಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಬೇರೆ ಏನು ಅಂತ ನಾನೇ ಹೇಳ್ತೀನಿ.

ಅಪ್ಪ ಗದಗಿನ ಪ್ರೆಸ್ಸೊಂದರಲ್ಲಿ ಕಂಪೋಜಿಟರ್. ಆಫ್‌ಸೆಟ್ ಮುದ್ರಣ ಬರುವ ತನಕ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದವರು. ಕನ್ನಡದ ಮೊಳೆ ಕೆಲಸ ಹುಡುಗಾಟವಲ್ಲ. ಅಕ್ಷರ, ಗುಣಿತ, ಒತ್ತು, ಒಂದೊಂದಕ್ಕೂ ಬೇರೆ ಖಾನೆ. ಅಪ್ಪ ಆ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ತಾನೇ ಖಾನೆ ಹುಡುಕಿಕೊಂಡು ಹೋಗುತ್ತಿತ್ತು. ಮೊಳೆಯ ಮೇಲಿನ ಉಲ್ಟಾ ಅಕ್ಷರವನ್ನು ನಾವು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಲಗ್ನಪತ್ರಿಕೆ, ಪುರಾಣ, ಶಾಲೆಯ ಪ್ರಶ್ನೆಪತ್ರಿಕೆ, ಏನೇ ಬಂದರೂ ಬರೆದವರ ಕಾಗುಣಿತವನ್ನು ಕೇಳದೇ ತಿದ್ದುತ್ತಿದ್ದರು. ಅದಕ್ಕೆ ಒಮ್ಮೆ ಮಾಲಕರಿಂದ ಬೈಸಿಕೊಂಡು ಮನೆಗೆ ಬಂದು, "ತಪ್ಪು ಅಚ್ಚಾದ್ರ ಅದ ಖರೇ ಆಗ್ತದವಾ" ಅಂದಿದ್ದರು. ಈ ಮಾತನ್ನು ಯಾರೂ ಊಟದ ಪಂಕ್ತಿಯಲ್ಲಿ ಹೇಳೂದಿಲ್ಲ. ಮಣ್ಣಿಗೆ ಬಂದವರೂ ಹೇಳಲಿಲ್ಲ. "ಬಿಡುಗಡಿ ಆತು ಬಿಡ್ರಿ" ಅಂದು ಹೋದರು.

ನನ್ನ ಹೆಸರು ಮರೆತ ಮೇಲೂ ಅಪ್ಪನ ಮುಂದೆ ತಾಟಿನಲ್ಲಿ ಶೇಂಗಾ ಸುರಿದರೆ ಮೊಳೆ ಜೋಡಿಸಿದ ಹಾಗೇ ಒಂದೊಂದೇ ಎತ್ತಿ ಸಾಲು ಜೋಡಿಸಿ, ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ಅಪ್ಪನಿಗೆ ಬಂದದ್ದು ಅಲ್ಝೈಮರ್ ಅನ್ನುವ ಮರೆವಿನ ರೋಗ. ಅದು ಸಾಮಾನ್ಯವಾಗಿ ಮೊದಲು ಕೈಹಾಕುವುದು ಹೊಸ ನೆನಪನ್ನು ಕೂಡಿಡುವ ಮೆದುಳಿನ ಭಾಗಕ್ಕೆ, ಹಿಪೊಕ್ಯಾಂಪಸ್ಸಿಗೆ. ಹಾಗಾಗಿ ಮುಂಜಾನೆ ಉಂಡದ್ದು ಮರೆತುಹೋಗಿ, ಬಾಲ್ಯದ ತಮ್ಮ ಕಣ್ಣ ಮುಂದೆ ಬರುತ್ತಾನೆ. ಕೈಗೆ ಹತ್ತಿದ ಕೆಲಸದ ನೆನಪು ಮೆದುಳಿನ ಬೇರೆ ಭಾಗಗಳಲ್ಲಿರುತ್ತದೆ, ಅಳಿಸಲು ತಡವಾಗುತ್ತದೆ. 1906ರಲ್ಲೇ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್, ತೀರಿಹೋದ ಹೆಣ್ಣುಮಗಳೊಬ್ಬಳ ಮೆದುಳಿನಲ್ಲಿ ಈ ರೋಗದ ಗುರುತುಗಳನ್ನು ಕಂಡು ಹೇಳಿದ್ದರು. ನಾವು ಇವತ್ತಿಗೂ ಅರಳು ಮರಳು ಅಂತ ನಗ್ತೀವಿ. ನೋಡಿದರೆ ಮೈ ಉರಿಯುತ್ತದೆ.

ಗೆಳತಿಯೊಬ್ಬಳು ಹೇಳಿದಳು, ಕೊನೆಯ ದಿನಗಳ ಮಾತು ಆಡಿದರಲ್ಲವೇ ನಾಲ್ಕು ಜನಕ್ಕೆ ತಿಳಿಯೋದು ಅಂತ. ತಿಳಿಸುವುದಾದರೆ ಹೀಗೆ ತಿಳಿಸ್ರಿ: ಮನೆಯಲ್ಲಿ ಹಿರಿಯರು ಕೇಳಿದ್ದನ್ನೇ ಕೇಳುತ್ತಿದ್ದರೆ, ಗೊತ್ತಿದ್ದ ಹಾದಿ ತಪ್ಪುತ್ತಿದ್ದರೆ, ವಯಸ್ಸಾತು ಅಂತ ಬಿಡಬ್ಯಾಡ್ರಿ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಕರಕೊಂಡು ಹೋಗ್ರಿ. ಬಿ12 ಕೊರತೆಯಿಂದಲೋ ಥೈರಾಯ್ಡಿನಿಂದಲೋ ಬಂದ ಮರೆವಾದರೆ ಔಷಧದಿಂದ ಸುಧಾರಿಸಬಹುದು. ಸ್ಟೇಶನ್ನಿನ ಕಥೆಯಿಂದ ನಿನ್ನೆ ಯಾರಿಗೂ ಏನೂ ತಿಳಿಯಲಿಲ್ಲ.

ಅಪ್ಪನಿಗೆ ರೋಗ ಬಂದದ್ದು ಎಪ್ಪತ್ತು ದಾಟಿದ ಮೇಲೆ. ಅದಕ್ಕೂ ಮೊದಲಿನ ಎಪ್ಪತ್ತು ವರ್ಷ ಎಲ್ಲಿ ಹೋಯಿತು? ಮರೆವಿನ ರೋಗ ಇದ್ದದ್ದು ಅವರಿಗೆ, ನಮಗಲ್ಲ.

ಪುಸ್ತಕದಲ್ಲಿ ಬರೆದವರ ಹೆಸರು ಇರುತ್ತದೆ, ಪ್ರೆಸ್ಸಿನ ಹೆಸರೂ ಇರುತ್ತದೆ. ಮೊಳೆ ಜೋಡಿಸಿದವರ ಹೆಸರು ಸಾಮಾನ್ಯವಾಗಿ ಇರೂದಿಲ್ಲ. ಗದಗಿನ ಹಳೆಯ ಪ್ರೆಸ್ಸುಗಳಲ್ಲಿ ಕೆಲಸ ಮಾಡಿದವರು, ಅವರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಮೆಸೇಜ್ ಮಾಡ್ರಿ. ಅಪ್ಪನ ಜೋಡಿ ಯಾರು ಕೂಡುತ್ತಿದ್ದರು, ಯಾವ ಪುಸ್ತಕ ಅವರ ಕೈಯಿಂದ ಬಂತು, ನನಗೆ ತಿಳೀಬೇಕಾಗ್ಯದ.