ಆರು ವಾರ ಮೊದಲೇ ಯಾಕೆ ಶುರು ಮಾಡಿದೆ ಅಂದ್ರೆ

ಇನ್ನು ಆರು ವಾರಕ್ಕೆ ನಾವು ಈ ಮನೆ ಬಿಡುತ್ತೇವೆ. ಹೋಗುವುದು ದೂರದ ಮಹಾನಗರಕ್ಕೆ, ಈಗಿನದರ ಅರ್ಧದಷ್ಟೂ ಇಲ್ಲದ ಮನೆಗೆ. ಅದಕ್ಕೇ ಏನು ಒಯ್ಯುವುದು, ಏನು ಬಿಡುವುದು ಅಂತ ಸಾಮಾನು ಆರಿಸಲು ಈಗಲೇ ಕೂತಿದ್ದೇನೆ. "ಇನ್ನೂ ಅಷ್ಟು ದಿನ ಇದೆಯಲ್ಲ, ಈಗಲೇ ಯಾಕೆ ಮನೆ ತುಂಬ ಹರಡಿಕೊಂಡು ಕೂತಿದ್ದೀರಿ?" ಅಂತ ಬಂದವರೆಲ್ಲ ಕೇಳುತ್ತಿದ್ದಾರೆ. ಕಾರಣ ಇದೆ, ಇಲ್ಲೇ ಬರೆದುಬಿಡುತ್ತೇನೆ.

ಹಿಂದಿನ ಸಲ ಮನೆ ಬದಲಿಸಿದಾಗ ಎಲ್ಲ ಕೆಲಸವನ್ನೂ ಕೊನೇ ಮೂರು ದಿನಕ್ಕೆ ಉಳಿಸಿಕೊಂಡಿದ್ದೆವು. ಮೊದಲ ದಿನ ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು ಯೋಚಿಸಿದೆವು. ಎರಡನೇ ದಿನ "ಇರಲಿ, ಅಲ್ಲಿ ಹೋದ ಮೇಲೆ ನೋಡೋಣ" ಅಂತ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆವು. ಮೂರನೇ ದಿನ ರಾತ್ರಿ ಸುಸ್ತಾಗಿ ಕಣ್ಣಿಗೆ ಕಂಡಿದ್ದನ್ನೆಲ್ಲ ಎತ್ತಿ ಹೊರಗೆ ಹಾಕಿದೆವು. ಹಾಗೆ ಹೋದ ಒಂದು ರಟ್ಟಿನ ಡಬ್ಬಿಯಲ್ಲಿ ಅಜ್ಜಿಯ ದನಿ ಇದ್ದ ಕ್ಯಾಸೆಟ್ ಇತ್ತು. ನಾನು ಚಿಕ್ಕವಳಿದ್ದಾಗ ಅಜ್ಜಿ ಹೇಳಿದ ಕಥೆ. ನಡುನಡುವೆ "ಆಮೇಲೆ?" ಅಂತ ಕೇಳುವ ನನ್ನ ದನಿ. ಇದ್ದದ್ದು ಅದೊಂದೇ ಪ್ರತಿ. ಆವತ್ತು ಲಾರಿಯಲ್ಲಿ ಬಂದ ಒಂಬತ್ತು ಪೆಟ್ಟಿಗೆಗಳನ್ನು ಮಾತ್ರ ಮೊನ್ನೆ ಮೊನ್ನೆಯವರೆಗೂ ಬಿಚ್ಚಿರಲಿಲ್ಲ.

ಆ ನೋವು ಇನ್ನೂ ಹೋಗಿಲ್ಲ. ಅದಕ್ಕೇ ಈ ಸಲ ಇಷ್ಟು ಬೇಗ.

ಬಿಡುವುದು ಯಾಕೆ ಇಷ್ಟು ಕಷ್ಟ ಅಂತ ಯೋಚಿಸಿದಾಗ ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಕೈಗೆ ಬಂದ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರಿಬಿಡುತ್ತದೆ ಅಂತ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲೇ ಬರೆದಿದ್ದರು. 1990ರಲ್ಲಿ ಅವರೂ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತಿತರರೂ ಸೇರಿ ಇದನ್ನು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅರ್ಧ ಜನರಿಗೆ ಒಂದು ಸಾಮಾನ್ಯ ಮಗ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಮಗ್ ಇದ್ದವರು ಅದನ್ನು ಮಾರಲು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಕೆಲವೇ ನಿಮಿಷದ ಹಿಂದೆ ಕೈಗೆ ಬಂದ ಮಗ್‌ಗೇ ಇಷ್ಟು ಅಂದರೆ ಹತ್ತು ವರ್ಷ ಜೊತೆಗಿದ್ದ ಕುರ್ಚಿಯ ಕಥೆ ಏನು! ಅದಕ್ಕೇ ನಾನೀಗ "ಇದನ್ನು ಬಿಡಲಾ?" ಅಂತ ಕೇಳಿಕೊಳ್ಳುವುದಿಲ್ಲ. "ಇದು ನನ್ನ ಹತ್ತಿರ ಇಲ್ಲದಿದ್ದರೆ ಇವತ್ತು ಕೊಳ್ಳುತ್ತಿದ್ದೆನಾ?" ಅಂತ ಕೇಳಿಕೊಳ್ಳುತ್ತೇನೆ. ಉತ್ತರ ಬೇಗ ಸಿಗುತ್ತದೆ.

ದೊಡ್ಡ ಸಾಮಾನಿನ ವಿಷಯದಲ್ಲಿ ಮನಸ್ಸನ್ನು ಕೇಳಲೇಬಾರದು. ಅಳತೆ ಪಟ್ಟಿಯನ್ನು ಕೇಳಬೇಕು. ಹೊಸ ಮನೆಯ ಅಳತೆ ತರಿಸಿಕೊಂಡು, ಅಲ್ಲಿನ ಮಲಗುವ ಕೋಣೆಯನ್ನು ಈಗಿನ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಮಂಚವನ್ನು ಗೆರೆಯೊಳಗೆ ತಳ್ಳಿದೆವು. ಬೀರುವಿನ ಬಾಗಿಲು ತೆಗೆಯಲು ಜಾಗವೇ ಉಳಿಯಲಿಲ್ಲ. ಆರು ಅಡಿಗೆ ಆರೂವರೆ ಅಡಿ ಮಂಚ ಅಂದರೆ 39 ಚದರ ಅಡಿ. 400 ಚದರ ಅಡಿಯ ಮನೆಯಲ್ಲಿ ಹತ್ತನೇ ಒಂದು ಭಾಗ ಅದಕ್ಕೇ ಹೋಯಿತು. ತಿಂಗಳ ಬಾಡಿಗೆಯಲ್ಲೂ ಅಷ್ಟು ಪಾಲು ಅದರದ್ದೇ, ಅಲ್ವಾ? ಲಾರಿ ಬಾಡಿಗೆ ಒಂದೇ ಸಲದ್ದು, ಇದು ಪ್ರತಿ ತಿಂಗಳದ್ದು. ಅಲ್ಲಿನ ಲಿಫ್ಟ್ ಬಾಗಿಲು, ಮೆಟ್ಟಿಲ ತಿರುವು ಎಷ್ಟು ಅಗಲ ಅಂತಲೂ ಕೇಳಿಕೊಳ್ಳಿ. ಪುಸ್ತಕ ಇದ್ದವರು ಈಗಲೇ ಆರಿಸಲು ಕೂತುಕೊಳ್ಳಿ. ಒಂದಡಿ ಉದ್ದ, ಅಗಲ, ಎತ್ತರದ ಪುಟ್ಟ ಪೆಟ್ಟಿಗೆ ಪುಸ್ತಕದಿಂದ ತುಂಬಿದರೆ 15 ಕಿಲೋ ದಾಟುತ್ತದೆ.

ಚಿಕ್ಕ ಸಾಮಾನೇ ಜಾಸ್ತಿ ಸಮಯ ತಿನ್ನುವುದು. ಹಾಲ್‌ನ ಒಂದೇ ಡ್ರಾಯರ್‌ಗೆ ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಯಾವ ಫೋನಿನದ್ದೋ ಗೊತ್ತಿಲ್ಲದ ಏಳು ಚಾರ್ಜರ್. ಬೀಗವಿಲ್ಲದ ಕೀಲಿಗಳು. ಅಕ್ಷರ ಪೂರ್ತಿ ಅಳಿಸಿಹೋದ ಬಿಲ್‌ಗಳು, ಶಾಖದಿಂದ ಅಕ್ಷರ ಮೂಡಿಸುವ ಥರ್ಮಲ್ ಕಾಗದದ ಹಣೆಬರಹವೇ ಅಷ್ಟು. ವಾರಂಟಿ ಬಿಲ್ ಇದ್ದರೆ ಇವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ಡ್ರಾಯರ್‌ನ ಮೂಲೆಯಲ್ಲಿ ಮೂರು ಉದ್ದ ಬೋಲ್ಟು ಸಿಕ್ಕಿದವು. ಇನ್ನೇನು ಎಸೆಯಬೇಕು, ಆಗ ಹೊಳೆಯಿತು: ಇವು ವಾಷಿಂಗ್ ಮಷೀನ್‌ನವು! ಮುಂದೆ ಬಾಗಿಲಿರುವ ಮಷೀನ್‌ಗಳಲ್ಲಿ ಡ್ರಮ್ ಸ್ಪ್ರಿಂಗ್‌ಗಳ ಮೇಲೆ ತೂಗಾಡುತ್ತಿರುತ್ತದೆ. ಸಾಗಿಸುವಾಗ ಈ ಬೋಲ್ಟು ಹಾಕಿ ಬಿಗಿ ಮಾಡದಿದ್ದರೆ ದಾರಿಯುದ್ದಕ್ಕೂ ಬಡಿದಾಡಿ ಹಾಳಾಗಬಹುದು. ಕೊನೇ ರಾತ್ರಿಯಾಗಿದ್ದರೆ ಖಂಡಿತ ಎಸೆದಿರುತ್ತಿದ್ದೆ.

"ಎಲ್ಲ ಎಸೆದು ಹೋಗಿ, ಅಲ್ಲೇ ಹೊಸದು ತಗೊಂಡ್ರಾಯ್ತು" ಅನ್ನುವ ಸಲಹೆ ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಎಸೆಯಲು ಒಂದು ರಾತ್ರಿ ಸಾಕು. ಒಂದು ವಸ್ತು ಅದನ್ನು ಬಳಸುವವರ ಕೈ ಸೇರಲು ವಾರಗಳೇ ಬೇಕು. ಕೇಳಬೇಕು, ಕಾಯಬೇಕು, ತೊಳೆದು ಒರೆಸಿ ಕೊಡಬೇಕು. ಹರಿದ ಬಟ್ಟೆಯನ್ನು ದಾನ ಅಂತ ಕೊಟ್ಟರೆ ನಮ್ಮ ಕಸವನ್ನು ಇನ್ನೊಬ್ಬರ ಬಾಗಿಲಿಗೆ ಸಾಗಿಸಿದ ಹಾಗೆ. ಹಳೇ ಲ್ಯಾಪ್‌ಟಾಪ್ ಕೊಡುವ ಮೊದಲು ಡಿಸ್ಕ್ ಪೂರ್ತಿ ಅಳಿಸಿ. ಫೈಲ್ ಡಿಲೀಟ್ ಮಾಡಿದರೆ ಹೆಸರು ಹೋಗುತ್ತದೆ, ಒಳಗಿನದ್ದು ಬಹಳ ಸಲ ಅಲ್ಲೇ ಇರುತ್ತದೆ.

ಮತ್ತೆ, ಮನೆಯವರ ಸಾಮಾನನ್ನು ಅವರನ್ನು ಕೇಳದೆ ದಯವಿಟ್ಟು ಮುಟ್ಟಬೇಡಿ. ಮಗಳ ಬಣ್ಣ ಹೋದ ಪೆನ್ಸಿಲ್ ಡಬ್ಬಿ ನನಗೆ ಕಸದಂತೆ ಕಂಡಿತ್ತು. ಕೇಳಿದೆ. "ಅಮ್ಮಾ, ಅದು ಬೇಕೇ ಬೇಕು" ಅಂದಳು. ಅದು ಬರುತ್ತದೆ, ಮಾತು ಮುಗಿಯಿತು.

ನನಗೆ ಕಷ್ಟವಾಗಿದ್ದು ಅಮ್ಮನ ಹೊಲಿಗೆ ಮಷೀನು. ನನಗೆ ಹೊಲಿಯಲು ಬರುವುದಿಲ್ಲ, ಅಲ್ಲಿ ಇಡಲು ಜಾಗವೂ ಇಲ್ಲ. ಎದುರು ಮನೆಯ ಹುಡುಗಿ ಹೊಲಿಗೆ ಕಲಿಯುತ್ತಿದ್ದಾಳೆ. ಕರೆದು ತೋರಿಸಿದೆ. "ಅಕ್ಕಾ, ನಿಜವಾಗ್ಲೂ ಕೊಡ್ತೀರಾ?" ಅಂತ ಎರಡು ಸಲ ಕೇಳಿದಳು. ನಿನ್ನೆ ತೆಗೆದುಕೊಂಡು ಹೋದಳು. ಅದರ ಸಣ್ಣ ಖಾನೆಯಲ್ಲಿದ್ದ ಗುಂಡಿಗಳ ಡಬ್ಬಿಯನ್ನು ಮಾತ್ರ ನಾನು ಇಟ್ಟುಕೊಂಡೆ. ಕೈಚೀಲದಲ್ಲೇ ಹಿಡಿಸುತ್ತದೆ, ಲಾರಿಗೆ ಹಾಕುವುದಿಲ್ಲ. ಇವತ್ತು ಬೆಳಿಗ್ಗೆ ಎದುರು ಮನೆಯಿಂದ ಮಷೀನಿನ ಸದ್ದು ಕೇಳಿಸಿತು.

ಈಗ ಆ ಒಂಬತ್ತು ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದೇನೆ. ನಾಲ್ಕು ಆಗಿವೆ, ಇನ್ನು ಐದಿವೆ.