ಬೆಂಕಿ ಇದ್ಯಾ?

ಬೆಳಗ್ಗೆ ಐದೂಕಾಲಿಗೆ ಎಚ್ಚರವಾದಾಗ ಮೂಗಿನ ತುದಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕಾಯಿತು. ಹೊದಿಕೆಯೊಳಗೇ ಗೊತ್ತಾಗಿಹೋಯಿತು, ಬೇಸ್‌ಮೆಂಟಿನಲ್ಲಿ ಬೆಂಕಿ ಸತ್ತಿದೆ. ಪಕ್ಕದಲ್ಲಿ ಹೆಂಡತಿಗೂ ಎಚ್ಚರವಾಗಿತ್ತು. ಕಣ್ಣು ಬಿಡದೆ, "ಹೋಯ್ತಾ?" ಅಂದಳು, ಆಸ್ಪತ್ರೆ ವರಾಂಡದಲ್ಲಿ ಕೇಳುವ ದನಿಯಲ್ಲಿ.

ಹೊರಗೆ ಮೈನಸ್ 14 ಡಿಗ್ರಿ. ಎಂಟಕ್ಕೆ ಮೀಟಿಂಗು. ಮಂಕಿಟೋಪಿ ಏರಿಸಿಕೊಂಡು ಮೆಟ್ಟಿಲಿಳಿದು, ಮನೆ ಬೆಚ್ಚಗಿಡುವ ಫರ್ನೇಸಿನ ಬಾಗಿಲು ತೆಗೆದರೆ, ರಾತ್ರಿ ಹಾಕಿದ ಕಲ್ಲಿದ್ದಲು ಹಾಕಿದ ಹಾಗೇ ಕೂತಿದೆ. ಕಪ್ಪಗೆ, ಮಿರಮಿರ ಮಿಂಚುತ್ತಾ, ತನಗೂ ಬೆಂಕಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಚಿಕ್ಕಂದಿನಲ್ಲಿ ಬಚ್ಚಲ ಒಲೆ ನಂದಿಸಿ ಬೈಸಿಕೊಂಡವರಿಗೆಲ್ಲ ಆ ಒಲೆಯ ಮುಖ ನೆನಪಿರಬಹುದು. ಅದೇ ಮುಖ, ಇಂಗ್ಲಿಷಿನಲ್ಲಿ.

ನಾವಿರುವುದು ಪೆನ್ಸಿಲ್ವೇನಿಯಾದ ಈಶಾನ್ಯ ಮೂಲೆಯಲ್ಲಿ, ವಿಲ್ಕ್ಸ್-ಬ್ಯಾರಿ ಊರಿನ ಹತ್ತಿರ. ಅಮೆರಿಕದ ಆಂಥ್ರಸೈಟ್ ಕಲ್ಲಿದ್ದಲು ಹೆಚ್ಚುಕಮ್ಮಿ ಪೂರ್ತಿ ಈ ಸುತ್ತಿನ ನೆಲದಡಿಯೇ ಇರುವುದು. ಮನೆ ತೋರಿಸಿದ ಏಜೆಂಟು "ಈ ಮನೆಗೆ ಒಂದು ವ್ಯಕ್ತಿತ್ವ ಇದೆ" ಅಂದಿದ್ದ. ಆ ವ್ಯಕ್ತಿತ್ವ ಬೇಸ್‌ಮೆಂಟಿನಲ್ಲಿದೆ, ಎರಡು ಹೊತ್ತು ಊಟ ಕೇಳುತ್ತದೆ, ಚಳಿಗಾಲಕ್ಕೆ ಐದು ಟನ್ ತಿನ್ನುತ್ತದೆ ಅನ್ನುವುದನ್ನು ಕಾಗದಕ್ಕೆಲ್ಲ ಸಹಿ ಬಿದ್ದ ಮೇಲೆ ತಿಳಿದುಕೊಂಡೆವು. ನ್ಯೂಜೆರ್ಸಿಯ ಗೆಳೆಯರು ಸಿನಿಮಾ ನೋಡುತ್ತಾ ಕೂತಲ್ಲಿಂದಲೇ ಫೋನಿನಲ್ಲಿ ಮನೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ನಾನು ಅವರ ಮನೆಗೆ ಊಟಕ್ಕೆ ಹೋದರೂ ಎಂಟು ಗಂಟೆಗೆ, ಹಸುಗೂಸು ಬಿಟ್ಟು ಬಂದ ಬಾಣಂತಿಯ ಹಾಗೆ, ಚಡಪಡಿಸಲು ಶುರುಮಾಡುತ್ತೇನೆ.

ಕಲ್ಲಿದ್ದಲು ಅನ್ನುವ ಮಾತಿನಲ್ಲಿ ಇದ್ದಲಿಗಿಂತ ಕಲ್ಲೇ ಜಾಸ್ತಿ. ಆಂಥ್ರಸೈಟ್ ಅಂತೂ ಕಲ್ಲಿಗೆ ಅಣ್ಣ. ಕಾಗದ, ಪುರಲೆ, ಸೌದೆ ಎಲ್ಲ ಉರಿದು ಕೆಂಡವಾದ ಮೇಲೆ ಒಂದೊಂದೇ ಪದರ ಹಾಕುತ್ತಾ ಒಂದು ಗಂಟೆ ಓಲೈಸಿದರೆ, ಆಗ ಮನಸ್ಸು ಮಾಡುತ್ತದೆ. ಹಿಂದೆ ಇಲ್ಲಿಯವರೂ ಇದು ಕಮ್ಮಾರನ ತಿದಿಗಷ್ಟೇ ಬಗ್ಗುವ ವಸ್ತು, ಮನೆಯಲ್ಲಿ ಉರಿಯುವುದಲ್ಲ ಅಂತ ಕೈಬಿಟ್ಟಿದ್ದರು. 1808ರ ಫೆಬ್ರವರಿ 11ರಂದು ವಿಲ್ಕ್ಸ್-ಬ್ಯಾರಿಯ ಜೆಸ್ಸಿ ಫೆಲ್ ಎಂಬ ಪುಣ್ಯಾತ್ಮ ಕಬ್ಬಿಣದ ಸರಳಿನ ಜಾಲರಿಯ ಮೇಲೆ ಇದನ್ನು ಪೇರಿಸಿ, ಅಡಿಯಿಂದ ಗಾಳಿಯಾಡುವ ಹಾಗೆ ಮಾಡಿ, ತಿದಿಯಿಲ್ಲದೆ ಉರಿಸಿ ತೋರಿಸಿದ. ಇವತ್ತು ಬೆಳಗ್ಗೆ ಅವನು ಸಿಕ್ಕಿದ್ದರೆ ಸಲಿಕೆಯನ್ನು ಅವನ ಕೈಗೇ ಕೊಟ್ಟು ಮಲಗಲು ಹೋಗುತ್ತಿದ್ದೆ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಕಾರಿನಲ್ಲಿ ಗಂಟೆ ದೂರದಲ್ಲಿ ಸೆಂಟ್ರೇಲಿಯಾ ಅಂತ ಒಂದು ಊರಿದೆ, ಅಂದರೆ ಇತ್ತು. 1962ರಲ್ಲಿ ಅಲ್ಲಿ ನೆಲದಡಿಯ ಕಲ್ಲಿದ್ದಲಿಗೆ ಬೆಂಕಿ ಹತ್ತಿತು. ಅಗೆದರು, ತುಂಬಿದರು, ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ 1984ರಲ್ಲಿ ಸರ್ಕಾರ 4 ಕೋಟಿ 20 ಲಕ್ಷ ಡಾಲರ್ ತೆಗೆದಿಟ್ಟು ಊರನ್ನೇ ಎಬ್ಬಿಸಿತು. ಬೆಂಕಿ ಇವತ್ತಿಗೂ ಇದೆ. ಅದಕ್ಕೆ ಜಾಲರಿ ಇಲ್ಲ, ಚಿಮಣಿ ಇಲ್ಲ, ಐದೂಕಾಲಿಗೆ ಏಳುವ ಗಂಡಸಿಲ್ಲ. ನನ್ನದು ಹನ್ನೆರಡು ಗಂಟೆ ತಡೆಯಲಿಲ್ಲ.

ಇದರ ವಿದ್ಯೆಯೆಲ್ಲ ನನಗೆ ಹೇಳಿಕೊಟ್ಟದ್ದು ಎದುರುಮನೆ ಅಜ್ಜ. ಎಂಬತ್ತು ದಾಟಿದೆ, ಅವನ ಅಪ್ಪ ಗಣಿಯಲ್ಲಿ ದುಡಿದು ಶ್ವಾಸಕೋಶ ಕಳಕೊಂಡವರು. ಅಜ್ಜ ಹೇಳಿದ್ದಿಷ್ಟು: ಕೆಳಗಿನ ಹಿಡಿ ಅಲ್ಲಾಡಿಸಿ ಬೂದಿ ಉದುರಿಸು, ಬೂದಿತಟ್ಟೆಯಲ್ಲಿ ಕೆಂಪು ಕಂಡರೆ ನಿಲ್ಲಿಸು. ಮೇಲೆ ಕಲ್ಲಿದ್ದಲು ದಪ್ಪಗೆ ಹಾಕು, ಆದರೆ ಮುಂದೆ ಒಂದು ಮೂಲೆ ಕೆಂಡ ಮುಚ್ಚಬೇಡ. ನೀಲಿ ಜ್ವಾಲೆ ಎದ್ದಮೇಲೆ ಬೂದಿ ಬಾಗಿಲು ಹಾಕು. ಆಮೇಲೆ ಮೇಲಕ್ಕೆ ಹೋಗು. "ಮುಖ್ಯವಾದದ್ದು ಕೊನೆಯದು" ಅಂದ. "ಮೇಲಕ್ಕೆ ಹೋಗು. ಮೇಲಿಂದ ಕೆದಕಬೇಡ, ಜನ್ಮದಲ್ಲಿ ಕೆದಕಬೇಡ." ಕೆದಕಿದರೆ ಅಡಿಯ ಬೂದಿ ಮೇಲಿನ ಕೆಂಡಕ್ಕೆ ಸೇರಿ, ಕರಗಿ, ಕಿಟ್ಟ ಕಟ್ಟಿ, ಜಾಲರಿಯ ಸಂದಿ ಮುಚ್ಚಿ, ಗಾಳಿಯಿಲ್ಲದೆ ಬೆಂಕಿ ಕಣ್ಣು ಮುಚ್ಚುತ್ತದೆ.

ಇಂಥ ಮನೆಗೆ, ಕಳೆದ ಅಕ್ಟೋಬರಿನಲ್ಲಿ, ಸಾಗರದ ಕಡೆಯಿಂದ ನನ್ನ ಅಪ್ಪ ಬಂದರು.

ಅಪ್ಪ ಐವತ್ತು ವರ್ಷ ಬಚ್ಚಲ ಒಲೆ ನಿಭಾಯಿಸಿದವರು. ಮಳೆಗಾಲದಲ್ಲಿ ಹಸಿ ಸೌದೆಗೂ ಅಡಿಕೆ ಸಿಪ್ಪೆಗೂ ಉರಿಯಲೇಬೇಕು ಅನ್ನಿಸುವಂತೆ ಮಾಡಿದವರು. ಅವರ ಪ್ರಕಾರ ಬೆಂಕಿಯೆಂದರೆ ಕೆದಕುವುದು, ಮಿಕ್ಕಿದ್ದೆಲ್ಲ ಪೂರ್ವತಯಾರಿ. ಮೊದಲ ದಿನ ಫರ್ನೇಸಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಹತ್ತು ನಿಮಿಷ ಪರೀಕ್ಷೆ ಮಾಡಿದರು.

"ಹೊಗೆ ಎಲ್ಲಿ?"

"ಇದಕ್ಕೆ ಹೊಗೆ ಇಲ್ಲ ಅಪ್ಪ."

"ಹೊಗೆ ಇಲ್ದೆ ಎಂಥಾ ಬೆಂಕಿ ಮಾರಾಯ. ಸ್ನಾನದ ನೀರಾದ್ರೂ ಕಾಯಿಸ್ತದಾ?"

"ಇಲ್ಲ. ಗಾಳಿ ಕಾಯಿಸ್ತದೆ."

"ಗಾಳಿ!" ಅಂದರು. ಆ ಒಂದು ಶಬ್ದದಲ್ಲಿ ನನ್ನ ಎಂಜಿನಿಯರಿಂಗ್ ಓದಿಗೆ ಕಟ್ಟಿದ ಫೀಸಿನ ಲೆಕ್ಕವೆಲ್ಲ ಇತ್ತು.

ಕೆದಕಬಾರದು ಅಂತ ಹೇಳಿದೆ. "ಆಯ್ತು" ಅಂದರು. ಅಪ್ಪ ಆಯ್ತು ಅಂದರೆ ನನ್ನ ಮಾತು ಮುಗಿಯಿತು ಅಂತ ಅರ್ಥ. ಅವತ್ತು ರಾತ್ರಿ ಹನ್ನೊಂದಕ್ಕೆ ಮಲಗುವ ಕೋಣೆಯ ಗೋಡೆಯೊಳಗಿಂದ ಠಣ್ ಠಣ್ ಗರ್‌ರ್ ಅಂತ ಶಬ್ದ. ಈ ಮನೆಯ ಗಾಳಿಕೊಳವೆಗಳು ಶಾಖಕ್ಕಿಂತ ಸದ್ದನ್ನು ಚೆನ್ನಾಗಿ ಸಾಗಿಸುತ್ತವೆ. ಠಣ್ ಠಣ್ ನಿಂತ ಮೇಲೆ ಅಪ್ಪನ ದನಿ, ಅಕ್ಕಪಕ್ಕ ಕೂತಷ್ಟು ಸ್ಪಷ್ಟ: "ಹತ್ಕಳಾ... ಹತ್ಕಳಾ... ಹಾಂ, ಹಂಗೆ." ಬೆಳಗ್ಗೆ ಬೆಂಕಿ ಇರಲಿಲ್ಲ. "ನಾನು ಆವಾಗ್ಲೇ ಹೇಳಿದ್ದೆ, ಇದು ಕಳಪೆ ಮಾಲು" ಅಂದರು ಅಪ್ಪ.

ಸರಳನ್ನು ಅಡಗಿಸಿಟ್ಟೆ. ಮೂರನೇ ದಿನ ಅವರ ಕೈಯಲ್ಲಿ ಹಳೇ ಪರದೆಯ ಕಂಬಿ. ಕತ್ತರಿಸಿ ಊದುಗೊಳವೆ ಮಾಡಿಕೊಂಡಿದ್ದರು. ಆಂಥ್ರಸೈಟಿಗೆ ಬಾಯಲ್ಲಿ ಊದುವುದು ಬಂಡೆಗೆ ಮುತ್ತಿಟ್ಟ ಹಾಗೆ. ಆದರೆ ಎಪ್ಪತ್ತೆರಡರ ಮನುಷ್ಯನಿಗೆ ಅದನ್ನು ಹೇಳುವುದು ಹೇಗೆ? ಅದನ್ನೂ ಅಡಗಿಸಿದೆ. ಆಮೇಲೆ ಅಡುಗೆಮನೆಯ ಇಕ್ಕಳ ಮಾಯವಾಯಿತು. ಅದರ ಹಿಂದೆಯೇ ಮಗಳ ಹಾಕಿ ಕೋಲು. ಅದರ ತುದಿ ಕರಕಲಾಗಿ ವಾಪಸು ಬಂತು. "ಅಜ್ಜ ತಗೊಂಡಿದ್ದು" ಅಂತ ಅವಳು ಚಾಡಿ ಹೇಳಿದರೆ, ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅದು ಮೊದ್ಲೇ ಹಂಗಿತ್ತು" ಅಂದರು.

ಡಿಸೆಂಬರಿನಲ್ಲಿ ಒಂದು ರಾತ್ರಿ, ಪಾಪ ಹೊಟ್ಟೆ ತುಂಬ ತಿನ್ನಲಿ ಅಂತ, ಒಂದು ಚೂರೂ ಕೆಂಡ ಕಾಣದ ಹಾಗೆ ಬಾಗಿಲ ಮಟ್ಟಕ್ಕೆ ಕಲ್ಲಿದ್ದಲು ತುಂಬಿದರು. ಹಾಗೆ ತುಂಬಿದರೆ ಒಳಗೆ ಏಳುವ ಅನಿಲಕ್ಕೆ ಹತ್ತಿಕೊಳ್ಳಲು ಉರಿ ಇರುವುದಿಲ್ಲ. ಕೂಡಿಕೊಂಡು ಕೂಡಿಕೊಂಡು ಕಡೆಗೆ ಒಂದೇ ಸಲ ಹತ್ತುತ್ತದೆ. ನಾವು ಅನ್ನಕ್ಕೆ ಸಾರು ಕಲೆಸಿಕೊಳ್ಳುತ್ತಿದ್ದೆವು. ಧಡ್! ಬಿಸಿಗಾಳಿ ಬರುವ ನೆಲದ ಜಾಲರಿಯಿಂದ ಒಂದು ಪುಸ್ಸೆಂಬ ಬೂದಿ. ನಾನು ಕೈತುತ್ತು ಬಿಟ್ಟು ಓಡಿದರೆ, ಮೆಟ್ಟಿಲ ಮೇಲೆ ಅಪ್ಪ ಎದುರಾದರು. ತಲೆಯಿಂದ ಕಾಲಿನವರೆಗೆ ಭಸ್ಮ, ನಡುವೆ ಎರಡು ಕಣ್ಣು, ಕಾಶಿಯಿಂದ ಈಗಷ್ಟೇ ಇಳಿದ ಹಾಗೆ. ಎಲ್ಲಿ ಸುಟ್ಟಿತೋ ಅಂತ ನನ್ನ ಜೀವ ಬಾಯಿಗೆ ಬಂದಿದ್ದರೆ, ಅವರು ಶಾಂತವಾಗಿ, "ಈಗ ಚೆನ್ನಾಗಿ ಹತ್ತಿದೆ ನೋಡು" ಅಂದರು.

ಇಷ್ಟಾದರೂ ಬಾಯಿ ಬಿಡದೆ ಕೂತ ಸ್ಮೋಕ್ ಅಲಾರಂ, ಮಾರನೇ ದಿನ ಒಂದು ಚಮಚ ಸಾಸಿವೆಯ ಒಗ್ಗರಣೆಗೆ ಬೀದಿಗೆಲ್ಲ ಕೇಳುವ ಹಾಗೆ ಬಡಿದುಕೊಂಡಿತು. ಹೆಂಡತಿ ಅದನ್ನು ಇಳಿಸಿ ಸೋಫಾ ದಿಂಬಿನಡಿ ಮುಚ್ಚಿಟ್ಟು ತೆಂಗಿನಕಾಯಿ ತುರಿಯಲು ಕೂತಳು. ಕಳೆದ ಶತಮಾನದ ಆರಂಭದಲ್ಲಿ ಇಲ್ಲಿಯ ಲ್ಯಾಕವಾನಾ ರೈಲಿನವರು ಆಂಥ್ರಸೈಟಿನ ಚೊಕ್ಕತನ ಸಾರಲು ಫೀಬಿ ಸ್ನೋ ಅಂತ ಬಿಳಿ ಗೌನಿನ ಹೆಣ್ಣೊಬ್ಬಳನ್ನು ಜಾಹೀರಾತಿನಲ್ಲಿ ಕೂರಿಸಿದ್ದರು. ಎಷ್ಟು ದೂರ ಪ್ರಯಾಣ ಮಾಡಿದರೂ ಗೌನು ಬಿಳಿಯೇ. ಆಯಮ್ಮ ಬೂದಿತಟ್ಟೆ ಹೊತ್ತವಳಲ್ಲ, ಬಿಡಿ.

ಎದುರುಮನೆ ಅಜ್ಜನನ್ನೇ ಕರೆದು ಅಪ್ಪನಿಗೆ ಬುದ್ಧಿ ಹೇಳಿಸೋಣ ಅಂದುಕೊಂಡೆ. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರ ಇಂಗ್ಲಿಷು "ಯಸ್, ನೋ, ವೆರಿ ಕೋಲ್ಡ್"ಗೆ ಮುಗಿಯುತ್ತದೆ. ನಾನು ದುಭಾಷಿಯ ಕೆಲಸಕ್ಕೆ ಸಿದ್ಧನಾಗಿ ಇಳಿದರೆ, ಅವರಿಬ್ಬರೂ ಫರ್ನೇಸಿನ ಬಾಗಿಲು ತೆಗೆದುಕೊಂಡು, ಕೈ ಹಿಂದೆ ಕಟ್ಟಿ, ಸುಮ್ಮನೆ ನಿಂತಿದ್ದರು. ಹೊಸ ಕಲ್ಲಿದ್ದಲಿನ ಮೇಲೆ ಸಣ್ಣ ಸಣ್ಣ ನೀಲಿ ಉರಿ ಎದ್ದು ಕುಣಿಯುತ್ತಿತ್ತು. ಇಲ್ಲಿಯವರು ಅದಕ್ಕೆ 'ಬ್ಲೂ ಲೇಡೀಸ್' ಅನ್ನುತ್ತಾರೆ. ಕಾಲು ಗಂಟೆ ಇಬ್ಬರೂ ಒಂದು ಮಾತಾಡಲಿಲ್ಲ. ಹೊರಡುವಾಗ ಅಜ್ಜ ಅಪ್ಪನ ಭುಜ ತಟ್ಟಿ, ಸರಳು ಎತ್ತಿ ತೋರಿಸಿ, ತಲೆ ಅಡ್ಡಡ್ಡ ಆಡಿಸಿದ. ಅಪ್ಪ "ಯಸ್, ಯಸ್" ಅಂದರು. ಆ ರಾತ್ರಿಯೂ ಠಣ್ ಠಣ್.

ಅಪ್ಪ ಊರಿಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ಅಲ್ಲಿ ಈಗ ಬಚ್ಚಲ ಒಲೆಯಿಲ್ಲ. ಹೋದ ವರ್ಷ ತಮ್ಮ ಹಂಡೆ ತೆಗೆಸಿ ಗೀಸರ್ ಹಾಕಿಸಿದ, ಆ ಜಾಗದಲ್ಲಿ ವಾಷಿಂಗ್ ಮೆಷಿನ್ ಕೂತಿದೆ. ಕೆದಕಲು ಏನೂ ಇಲ್ಲ. ಇಲ್ಲಿ ರಾತ್ರಿ ಹನ್ನೊಂದಾದರೆ ಕೊಳವೆ ಮೂಲಕ ಏನೂ ಕೇಳುವುದಿಲ್ಲ, ಗಾಳಿ ಅಷ್ಟೇ ಬರುತ್ತದೆ. ನಿನ್ನೆ ಮಗಳು ನೆಲದ ಜಾಲರಿಗೆ ಬಾಯಿಟ್ಟು "ಹತ್ಕಳಾ" ಅಂತ ಕೂಗಿದಳು, ಸುಮ್ಮನೆ.

ಆರೂವರೆ. ಪಿಜ್ಜಾ ಡಬ್ಬಿಯ ರಟ್ಟು, ಪುರಲೆ, ಸೌದೆ ಎಲ್ಲ ಪೇರಿಸಿ ಕಡ್ಡಿ ಗೀರುತ್ತಿದ್ದೇನೆ, ಫೋನು. ಅಲ್ಲಿ ಸಂಜೆ, ಅಪ್ಪನ ಮಾಮೂಲು ಹೊತ್ತು. ನಾವು ಹೇಗಿದ್ದೇವೆ ಅಂತ ಕೇಳುವುದು ಆಮೇಲೆ.

"ಬೆಂಕಿ ಇದ್ಯಾ?"

"ಇದೆ" ಅಂದೆ. ಬಾಯಿಂದ ಬಿಳಿ ಹಬೆ ಬಂತು.

"ಸುಳ್ಳು ಹೇಳ್ಬೇಡ. ಕಡ್ಡಿ ಗೀರಿದ್ದು ಕೇಳ್ತು. ರಾತ್ರಿ ಕೆದಕಿದ್ಯಾ?"

ಕೆದಕಿದ್ದೆ. ಹನ್ನೊಂದು ಗಂಟೆಗೆ ಇಳಿದು ಹೋಗಿ, ಯಾಕೋ, ಸ್ವಲ್ಪ ಹೊತ್ತು.

"ಇಲ್ಲಪ್ಪ" ಅಂದೆ. "ಕಳಪೆ ಮಾಲು."