ಚೀಟಿ ಎತ್ತೋದೇ ಪ್ರಜಾಪ್ರಭುತ್ವ ಅಂದವರು

ಪಂಚಾಯಿತಿ ಎಲೆಕ್ಷನ್‌ನಲ್ಲಿ ಇಬ್ಬರಿಗೂ ಸಮ ವೋಟು ಬಂದರೆ ಚೀಟಿ ಎತ್ತುತ್ತಾರಲ್ಲ, ಆಗ ನಾವು "ಅವನಿಗೆ ಲಾಟರಿ ಹೊಡೀತು ಬಿಡಪ್ಪ" ಅಂತ ನಗುತ್ತೇವೆ. ಗ್ರೀಸ್‌ನ ಹಳೇ ಅಥೆನ್ಸ್‌ ನಗರದವನು ಯಾರಾದರೂ ಪಕ್ಕದಲ್ಲಿದ್ದರೆ ಕೇಳುತ್ತಿದ್ದ: ಚೀಟಿ ಎತ್ತಿದ್ದು ಸರಿ, ಅದಕ್ಕೆ ಮುಂಚೆ ಸುಮ್ನೆ ವೋಟು ಯಾಕೆ ಹಾಕಿಸಿದಿರಿ?

ತಮಾಷೆಯಲ್ಲ. ಅಧಿಕಾರಿಗಳನ್ನು ಚೀಟಿ ಎತ್ತಿ ಆರಿಸಿದರೆ ಅದು ಪ್ರಜಾಪ್ರಭುತ್ವ, ವೋಟು ಹಾಕಿ ಆರಿಸಿದರೆ ಕೆಲವೇ ಜನರ ಆಳ್ವಿಕೆ ಎಂಬ ತಿಳಿವಳಿಕೆ ಅಲ್ಲಿತ್ತು. ಅರಿಸ್ಟಾಟಲ್ ಇದನ್ನು 'ಪಾಲಿಟಿಕ್ಸ್'ನಲ್ಲಿ ಬರೆದಿದ್ದಾನೆ. ವೋಟು ಅಂದಮೇಲೆ ದುಡ್ಡು, ಮನೆತನ, ಮಾತಿನ ಬಲ ಇದ್ದವನೇ ಮುಂದೆ ಬರೋದು, ಅಲ್ವಾ?

ಚೀಟಿ ಎತ್ತಲು ಅವರ ಹತ್ತಿರ ಕಲ್ಲಿನ ಯಂತ್ರವೇ ಇತ್ತು, ಹೆಸರು ಕ್ಲೆರೊಟೆರಿಯನ್. ಚಪ್ಪಡಿಯ ಮೇಲೆ ಸಾಲುಸಾಲು ಸೀಳು. ಒಂದೊಂದರಲ್ಲೂ ಒಬ್ಬೊಬ್ಬನ ಹೆಸರಿನ ಬಿಲ್ಲೆ. ಪಕ್ಕದ ಕೊಳವೆಯಿಂದ ಬಿಳಿ ಗುಂಡು ಉರುಳಿದರೆ ಆ ಸಾಲಿನವರೆಲ್ಲ ಇವತ್ತು ನ್ಯಾಯ ಹೇಳುವವರು. ಕಪ್ಪು ಬಂದರೆ ಮನೆಗೆ. ಕಂಚಿನ ಇಂಥ ಬಿಲ್ಲೆಗಳು ಗೋರಿಗಳಲ್ಲೂ ಸಿಕ್ಕಿವೆ. ಸತ್ತವನ ಜೊತೆ ಅದನ್ನೂ ಇಟ್ಟು ಕಳಿಸಿದ್ದಾರೆ!

ಊರಿನ ಆಡಳಿತ ನೋಡಿಕೊಳ್ಳುವ 500 ಜನರ ಸಭೆಗೂ ಚೀಟಿಯೇ. ಒಂದು ವರ್ಷದ ಅವಧಿ, ಜೀವಮಾನದಲ್ಲಿ ಎರಡೇ ಸಲ. ಸೇನಾಪತಿಗಳಂಥ ಕೆಲವರಿಗೆ ಮಾತ್ರ ವೋಟು. ಪೆರಿಕ್ಲಿಸ್ ವರ್ಷದ ಮೇಲೆ ವರ್ಷ ಗೆದ್ದು ಊರಿನ ದೊಡ್ಡಮನುಷ್ಯನಾದದ್ದು ಈ ದಾರಿಯಲ್ಲೇ.

ಹಾಗಂತ ಅದೇನು ಸ್ವರ್ಗವಲ್ಲ. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದವರಿಗೆ ಬಿಲ್ಲೆಯೇ ಇಲ್ಲ. ಸ್ಟಗಿರಾದಿಂದ ಬಂದ ಅರಿಸ್ಟಾಟಲ್‌ಗೂ ಇರಲಿಲ್ಲ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ಗೆ ಮರಣದಂಡನೆ ಕೊಟ್ಟವರೂ ಹೀಗೆ ಚೀಟಿಯಲ್ಲಿ ಬಂದ ಜನರೇ.

ಆದ್ದರಿಂದ ಮುಖ್ಯಮಂತ್ರಿಯನ್ನು ಚೀಟಿ ಎತ್ತಿ ಆರಿಸೋಣ ಅಂತ ನಾನು ಹೇಳುತ್ತಿಲ್ಲ. ಐರ್ಲೆಂಡ್‌ನವರು ಮಾಡಿದ್ದು ಜಾಸ್ತಿ ಹಿಡಿಸಿತು. 2016ರಲ್ಲಿ 99 ಜನ ಸಾಮಾನ್ಯರನ್ನು ಹೀಗೇ ಆರಿಸಿ, ಗರ್ಭಪಾತದ ಕಾನೂನಿನ ಬಗ್ಗೆ ತಿಂಗಳುಗಟ್ಟಲೆ ಕೂತು ಮಾತಾಡಲು ಬಿಟ್ಟರು. ರಾಜಕಾರಣಿಗಳು ಮುಟ್ಟಲು ಹೆದರುತ್ತಿದ್ದ ವಿಷಯ ಅದು. ಕಾನೂನು ಬದಲಾಗಲಿ ಅಂತ ಇವರು ಹೇಳಿದರು, 2018ರಲ್ಲಿ ಇಡೀ ದೇಶ ವೋಟು ಹಾಕಿ ಹೌದು ಅಂದಿತು.

ನಮ್ಮಲ್ಲೂ ಅಷ್ಟು ಸಾಕು. ವೋಟರ್ ಲಿಸ್ಟಿನಿಂದ ಹತ್ತು ಹೆಸರು ಎತ್ತಿ, ಪಂಚಾಯಿತಿಯ ಚರಂಡಿ ಬಿಲ್ಲು ಅವರ ಮುಂದಿಡಲಿ. ಅಥೆನ್ಸ್‌ನಲ್ಲೂ ಅವಧಿ ಮುಗಿದ ಅಧಿಕಾರಿ ಲೆಕ್ಕ ಒಪ್ಪಿಸದೆ ಹೋಗುವಂತಿರಲಿಲ್ಲ. ನನ್ನ ಹೆಸರೇ ಬಂದರೆ? ನಿಜ ಹೇಳಬೇಕೆಂದರೆ, ರಜೆ ಹೇಗೆ ಹಾಕೋದು ಅನ್ನೋದೇ ಮೊದಲ ಚಿಂತೆ.